ಎಲ್ಲ ಬಾಣಗಳೂ ಸಖೂಬಾಯಿಯ ಕಡೆಗೆ

ಮೊನ್ನೆ ನಮ್ಮ ಮನೆಗೆ ಇಬ್ಬರು ಹುಡುಗಿಯರು ಬಂದಿದ್ದರು. ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಯಾವುದೋ ಸಂಶೋಧನಾ ಯೋಜನೆಗೆ ಹೊಸದಾಗಿ ಸೇರಿದವರು. ಹಳ್ಳಿಗಳನ್ನು ಸುತ್ತಿ ಜನರನ್ನು ಪ್ರಶ್ನೆ ಕೇಳುವ ಕೆಲಸ. "ಮೇಡಂ, ಹಳ್ಳ್ಯಾಗ ಮಂದಿ ಖರೆ ಹೇಳ್ತಾರೇನ್ರಿ?" ಎಂದು ಕೇಳಿದರು. ಅವರ ಚಹಾ ಮುಗಿದರೂ ನನ್ನ ಉತ್ತರ ಮುಗಿಯಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆ, ನಿವೃತ್ತಿಯ ದಿನ ಹೊದಿಸಿದ ಶಾಲು, ಇವುಗಳ ಸುದ್ದಿ ಬೇಡ. ಆ ಶಾಲು ಚಳಿಗೂ ಆಗಿಬರುವುದಿಲ್ಲ.

ನಾನು ಹುಮನಾಬಾದಿನವಳು. ಅರವತ್ತರ ದಶಕದ ಕೊನೆಯಲ್ಲಿ ಇದೇ ಕೆಲಸಕ್ಕೆ ಸೇರಿದೆ. ಬೇರೆ ಬೇರೆ ಜಾತಿ, ಧರ್ಮದ ಜನ ಒಂದೇ ಕಡೆ ದುಡಿಯುವಾಗ ಒಬ್ಬರನ್ನೊಬ್ಬರು ಹೇಗೆ ಕಾಣುತ್ತಾರೆ, ಯಾರಿಗೆ ಎಷ್ಟು ಮರ್ಯಾದೆ ಸಿಗುತ್ತದೆ, ಯಾರ ನೋವು ಯಾರಿಗೆ ತಟ್ಟುತ್ತದೆ, ಇದು ನಮ್ಮ ಯೋಜನೆಯ ವಿಷಯ. ನನ್ನ ಅವ್ವನಿಗೆ ಇದನ್ನು ತಿಳಿಸಿ ಹೇಳಿದಾಗ, "ಇದಕ್ಕ ಪಗಾರ ಕೊಡ್ತಾರ? ನಾನು ದಿನಾ ಬಾವಿ ಕಟ್ಟಿ ಮ್ಯಾಲ ನೋಡಾಕತ್ತೇನಲ್ಲ" ಎಂದಿದ್ದಳು.

ನಮ್ಮ ಮುಖ್ಯಸ್ಥರು ಧಾರವಾಡದ ಕಡೆಯ ಕುಲಕರ್ಣಿ ಸರ್. ಬಹಳ ಓದಿದವರು, ಬಹಳ ಬಿಗಿ ಮನುಷ್ಯ. ಕೇಳುವ ಪ್ರಶ್ನೆಯಲ್ಲಿ ಒಂದು ಶಬ್ದ ಹಿಂದುಮುಂದಾದರೆ ಇಡೀ ದಿನದ ಕೆಲಸವನ್ನು ಮತ್ತೆ ಮಾಡಿಸುತ್ತಿದ್ದರು. ಒಮ್ಮೆ ನಾನು "ನಿಮಗೆ ಸಂತೋಷ ಇದೆಯೆ" ಎನ್ನುವ ಕಡೆ "ಆರಾಮ ಇದ್ದೀರಾ" ಎಂದು ಕೇಳಿಬಿಟ್ಟಿದ್ದೆ. ಅವತ್ತು ಬಸ್ಸಿನಲ್ಲಿ ಬಸವಕಲ್ಯಾಣದಿಂದ ಹುಮನಾಬಾದ್ ಬರುವ ತನಕ ಅವರು ನನ್ನ ಜೊತೆ ಮಾತಾಡಲಿಲ್ಲ. ನಾನೂ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳು. ನಾನೂ ಮಾತಾಡಲಿಲ್ಲ.

ಮೊದಲು ನಿರ್ಣಾ ಎಂಬ ಹಳ್ಳಿಯಲ್ಲಿ ಆದದ್ದನ್ನು ಹೇಳುತ್ತೇನೆ. ನಮ್ಮ ಬಳಿ ಚಿತ್ರಗಳ ಕಾರ್ಡುಗಳಿದ್ದವು. ಅವನ್ನು ತೋರಿಸಿ, ಈ ಚಿತ್ರದಲ್ಲಿರುವವರು ಏನು ಯೋಚಿಸುತ್ತಿದ್ದಾರೆ ಎಂದು ಕೇಳಬೇಕು. ಹೇಳುವವರ ಮನಸ್ಸು ಆ ಕಥೆಯಲ್ಲಿ ಹೊರಬರುತ್ತದೆ ಎಂಬುದು ಆ ಪರೀಕ್ಷೆಯ ನಂಬಿಕೆ. ಹೊರದೇಶದ ಚಿತ್ರಗಳಿಗೆ ಸೀರೆ, ಧೋತರ ಉಡಿಸಿ ಮತ್ತೆ ಬರೆಸಿದ್ದೆವು. ಕಿಟಕಿಯ ಹತ್ತಿರ ನಿಂತ ಹೆಂಗಸಿನ ಚಿತ್ರವನ್ನು ಒಬ್ಬ ಮುದುಕಿಗೆ ತೋರಿಸಿದೆ. ಆಕೆ ಕಾರ್ಡನ್ನು ಬಿಸಿಲಿಗೆ ಹಿಡಿದು ನೋಡಿ, "ಈಕಿ ಯಾರ ಪೈಕಿರಿ?" ಎಂದಳು.

"ಯಾರ ಪೈಕಿನೂ ಅಲ್ಲ ಅವ್ವ. ಸುಮ್ಮನೆ ಒಬ್ಬ ಹೆಣ್ಣುಮಗಳು."

"ಯಾರ ಪೈಕಿನೂ ಅಲ್ಲದಾಕಿ ಯಾವ ಊರಾಗ ಇರ್ತಾಳ ಬಾಯಿ? ಗೌಡರ ಮನಿಯಾಕಿ ಆದ್ರ ಒಂದು ವಿಚಾರ ಮಾಡ್ತಾಳ, ನಮ್ಮಂಥಾಕಿ ಆದ್ರ ಇನ್ನೊಂದು ಮಾಡ್ತಾಳ. ನೀ ಅದನ್ನ ಹೇಳಲಾರದ ನಾ ಹ್ಯಾಂಗ ಹೇಳ್ಲಿ?"

ನಿಯಮದ ಪ್ರಕಾರ ಇದನ್ನು 'ಉತ್ತರ ಇಲ್ಲ' ಎಂದು ಬರೆಯಬೇಕಿತ್ತು. ಸಂಜೆ ಸರ್‌ಗೆ ಹೇಳಿದಾಗ ಅವರು ಕುರ್ಚಿ ಬಿಟ್ಟು ಎದ್ದರು. ಬೈಯುತ್ತಾರೆಂದು ನಾನು ಸಿದ್ಧಳಾಗಿದ್ದೆ. "ಆ ಮುದುಕಿ ನಮ್ಮ ಇಡೀ ಯೋಜನಾನ ಒಂದು ಮಾತಿನ್ಯಾಗ ಕೇಳ್ಯಾಳಲ್ಲ ಸರೋಜಾ!" ಎಂದರು. ಅಷ್ಟು ಬಿಗಿ ಮನುಷ್ಯನ ಕಣ್ಣಲ್ಲಿ ಅಂಥ ಬೆರಗನ್ನು ನಾನು ಅದೇ ಮೊದಲು ಕಂಡದ್ದು. ಅವತ್ತಿನಿಂದ ಅವರ ಮೇಲಿನ ಸಿಟ್ಟು ಅರ್ಧ ಇಳಿಯಿತು.

ಘಾಟಬೋರಾಳದಲ್ಲಿ ಮಾತ್ರ ಪೆಟ್ಟು ತಿನ್ನುವುದು ಸ್ವಲ್ಪದರಲ್ಲಿ ತಪ್ಪಿತು. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳಬಾರದು, ಆದ್ದರಿಂದ ಒಬ್ಬೊಬ್ಬರನ್ನೇ ಕೋಣೆಯೊಳಗೆ ಕರೆದು ಬಾಗಿಲು ಮುಚ್ಚಿ ಕೇಳಬೇಕು ಎಂಬುದು ಪದ್ಧತಿ. ಅದು ಕುಟುಂಬ ಯೋಜನೆಯ ಆಪರೇಷನ್ ಎಂದರೆ ಊರಿಗೆ ಊರೇ ನಡುಗುತ್ತಿದ್ದ ಕಾಲ. ಹೊಸ ಸೊಸೆಯೊಬ್ಬಳನ್ನು ಒಳಗೆ ಕರೆದು ನಾನು ಬಾಗಿಲು ಹಾಕಿದ್ದೇ ತಡ, ಅತ್ತೆ ಬಾಗಿಲು ಬಡಿದಳು. ಓಣಿ ನೆರೆಯಿತು. ಹೊರಗೆ ನಿಂತಿದ್ದ ಸರ್, ನಾವು ಡಾಕ್ಟರಲ್ಲ, ಮನಸ್ಸಿನ ಅಭ್ಯಾಸ ಮಾಡುವವರು ಎಂದು ಹೇಳಿಕೊಳ್ಳುತ್ತಿದ್ದರು. "ಮನಸ್ಸು ನೋಡೋರಿಗಿ ಬಾಗಲಾ ಯಾಕ ಹಾಕಬೇಕ್ರಿ?" ಎಂದಳು ಆ ಅತ್ತೆ. ನಾನು ಬಾಗಿಲು ತೆರೆದು ಸೊಸೆಯನ್ನು ಹೊರಗೆ ಕಳಿಸಿದೆ. ಮುಂದೆ ನಾವು ಪದ್ಧತಿ ಬದಲಿಸಿದೆವು. ಎಲ್ಲರ ಕಣ್ಣಿಗೆ ಕಾಣುವ ಹಾಗೆ, ಆದರೆ ಯಾರ ಕಿವಿಗೂ ಬೀಳದ ಹಾಗೆ, ಬಯಲಲ್ಲಿ ಮರದ ಕೆಳಗೆ ಕೂತು ಕೇಳತೊಡಗಿದೆವು.

ಹಾಗೆ ಬಯಲಲ್ಲಿ ಕೂತದ್ದರಿಂದಲೇ ರಾಜೇಶ್ವರದ ಹತ್ತಿರದ ಆ ಹೊಲ ನನ್ನ ಪಾಲಿಗೆ ಬಂತು. ಇಷ್ಟು ವರ್ಷದ ನೌಕರಿಯಲ್ಲಿ ನಾನು ಕಂಡ ಅತಿ ದೊಡ್ಡ ಸಂಗತಿ ಅಲ್ಲಿ ನಡೆಯಿತು. ಹೆಸರುಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಆ ಪಾಟೀಲರು ಈಗಿಲ್ಲ, ಹೊಲ ಹಂಚಿಹೋಗಿದೆ. ಹೇಳಿದರೆ ಯಾರ ಕೂಳಿಗೂ ಕಲ್ಲು ಬೀಳುವುದಿಲ್ಲ.

ಪಾಟೀಲರದು ದೊಡ್ಡ ಜಮೀನು. ಮಳೆಗಾಲದಲ್ಲಿ ಹೆಸರು, ಉದ್ದು, ತೊಗರಿ ಹಾಕುತ್ತಿದ್ದರು. ಬೆಳೆಯ ನಡುವಿನ ಕಸ, ಎಂದರೆ ಕಳೆ, ತೆಗೆಯಲು ಸುತ್ತಲಿನ ಹೆಂಗಸರು ಖುರ್ಪಿ ಹಿಡಿದು ಬರುತ್ತಿದ್ದರು. ಅವರಲ್ಲಿ ಲಿಂಗಾಯತರಿದ್ದರು, ಮುಸಲ್ಮಾನರಿದ್ದರು, ಬೌದ್ಧ ಧರ್ಮ ಹಿಡಿದ ದಲಿತ ಮನೆಗಳವರಿದ್ದರು. ಬಡತನದಲ್ಲಿ ಹೆಚ್ಚುಕಡಿಮೆ ಇರಲಿಲ್ಲ. ಆದರೆ ರೊಟ್ಟಿ ಬಿಚ್ಚುವ ಹೊತ್ತಿಗೆ ಮೂರು ಗುಂಪು, ಮೂರು ನೀರಿನ ಕೊಡ. ಸರ್‌ಗೆ ಬೇಕಾಗಿದ್ದದ್ದು ಇಂಥದೇ ಜಾಗ.

ಕೆಲಸದ ರೀತಿ ಹೀಗೆ. ಎಲ್ಲರೂ ಅಡ್ಡಕ್ಕೆ ಒಂದು ಗೆರೆಯಾಗಿ ಕೂತು, ಒಬ್ಬೊಬ್ಬರು ಬೆಳೆಯ ಒಂದೊಂದು ಸಾಲು ಹಿಡಿದು, ಕುಕ್ಕುರುಗಾಲಿನಲ್ಲೇ ಮುಂದೆ ಸರಿಯುತ್ತ ಹೋಗಬೇಕು. ಹಿಂದೆ ಮುಕಾದಮ ಮಾಣಿಕಪ್ಪ, ಎಂದರೆ ಆಳುಗಳ ಮೇಲ್ವಿಚಾರಕ, ನಿಂತಿರುತ್ತಿದ್ದ. ಅವನು ಕಸ ನೋಡುತ್ತಿರಲಿಲ್ಲ, ಬೆನ್ನುಗಳ ಗೆರೆ ನೋಡುತ್ತಿದ್ದ. ಗೆರೆ ನೆಟ್ಟಗಿದ್ದರೆ ಸರಿ. ಒಂದು ಬೆನ್ನು ಹಿಂದೆ ಬಿದ್ದರೆ, "ನೀ ನಾಳಿಗಿ ಬರೂದು ಬ್ಯಾಡ" ಎನ್ನುತ್ತಿದ್ದ. ಹಾಗೆ ಅನ್ನಿಸಿಕೊಂಡವಳಿಗೆ ಆ ಹಂಗಾಮಿನಲ್ಲಿ ಬೇರೆ ಹೊಲದ ಬಾಗಿಲೂ ಮುಚ್ಚಿದಂತೆ. ಸುದ್ದಿ ಅವಳಿಗಿಂತ ಮುಂಚೆ ಅಲ್ಲಿಗೆ ಹೋಗಿರುತ್ತಿತ್ತು.

ನಾನು ಬದುವಿನ ಮೇಲಿನ ಬೇವಿನ ಮರದ ಕೆಳಗೆ ಕೂತು ಒಬ್ಬೊಬ್ಬರನ್ನೇ ಕರೆಸಿ ಒಂದೇ ಪ್ರಶ್ನೆ ಕೇಳಬೇಕಿತ್ತು. 'ಸಾಲು ಹಿಡಿಯುವಾಗ ನಿಮ್ಮ ಮಗ್ಗುಲಲ್ಲಿ ಯಾರಿರಬೇಕು?' ಹೇಳಬೇಕಾದದ್ದು ಒಂದೇ ಹೆಸರು. ಆಮೇಲೆ ಹಾಳೆಯ ಮೇಲೆ ಒಬ್ಬೊಬ್ಬರಿಗೆ ಒಂದು ಸುತ್ತು ಹಾಕಿ, ಯಾರು ಯಾರನ್ನು ಬಯಸಿದರೋ ಅತ್ತ ಬಾಣ ಎಳೆಯುವುದು. ಗುಂಪು ಯಾರ ಸುತ್ತ ನಿಂತಿದೆ ಎಂದು ಬಾಣಗಳು ತೋರಿಸುತ್ತವೆ. ಪ್ರತಿಯೊಬ್ಬಳೂ ತನ್ನ ಮಂದಿಯ ಹೆಸರನ್ನೇ ಹೇಳುತ್ತಾಳೆ ಎಂದು ಸರ್ ಎಣಿಸಿದ್ದರು. ನಾನೂ ಹಾಗೆಯೇ ಎಣಿಸಿದ್ದೆ.

ಮೊದಲು ಬಂದವಳು ಗುರಮ್ಮ, ಲಿಂಗಾಯತರ ಮನೆಯ ಹಿರಿಯ ಹೆಂಗಸು, ಬಾಯಿ ಬಲು ಜೋರು. "ಸಖೂಬಾಯಿ ಇರಲಿ. ಜಲ್ದಿ ಬರಕೊಳ್ರಿ, ನನ್ನ ಸಾಲು ಉಳದದ" ಎಂದು ಎದ್ದು ಹೋದಳು. ಸಖೂಬಾಯಿ ಬೌದ್ಧರ ಓಣಿಯವಳು. ನನಗೆ ಆಶ್ಚರ್ಯವಾಯಿತು. ಅವಳ ನಂತರ ಬಂದ ಮುಸಲ್ಮಾನ ಹುಡುಗಿಯೂ ಸಖೂಬಾಯಿ ಎಂದಳು. ಅವಳ ನಂತರದವಳೂ ಅದನ್ನೇ ಹೇಳಿದಳು. ಒಬ್ಬರನ್ನೊಬ್ಬರು ಕೇಳಿಕೊಳ್ಳುವುದಕ್ಕೆ ಸಮಯವೇ ಇರಲಿಲ್ಲ. ಪ್ರಶ್ನೆ ಏನೆಂಬುದು ಬಂದು ಕೂರುವ ತನಕ ಯಾರಿಗೂ ಗೊತ್ತಿರಲಿಲ್ಲ, ಕೇಳಿಸಿಕೊಂಡವಳು ನೇರ ತನ್ನ ಸಾಲಿಗೆ ಓಡಬೇಕಿತ್ತು. ಸಂಜೆಯಾಗುವಷ್ಟರಲ್ಲಿ ಅದೇ ಹೆಸರನ್ನು ಮತ್ತೆ ಮತ್ತೆ ಬರೆದಿದ್ದೆ.

ಬಸವಕಲ್ಯಾಣದ ನಮ್ಮ ಬಾಡಿಗೆ ಕೋಣೆಯಲ್ಲಿ ಸರ್ ಹಾಳೆ ಹರಡಿ ಬಾಣ ಎಳೆದರು. ಸಖೂಬಾಯಿಯ ಸ್ವಂತದ್ದೊಂದು ಬಿಟ್ಟು ಎಲ್ಲ ಬಾಣಗಳೂ ಒಂದೇ ಸುತ್ತಿನ ಕಡೆಗೆ ಓಡಿದವು.

"ಬ್ಯಾರೆ ಬ್ಯಾರೆ ಕೊಡದ ನೀರು ಕುಡಿಯೋ ಮಂದಿ ಸರೋಜಾ! ಒಂದು ಹೆಸರು ಹೇಳ್ಯಾರ. ಈಕಿ ಅವರ ಖರೆ ಮುಂದಾಳು."

"ಸರ್, ಆ ಹೆಣ್ಣುಮಗಳು ಮಾತೇ ಆಡೂದಿಲ್ಲ" ಎಂದೆ. ಸಖೂಬಾಯಿ ಬಡಕಲು ಮೈಯವಳು, ಸೆರಗನ್ನು ಯಾವಾಗಲೂ ಬಾಯಿಗೆ ಒತ್ತಿಕೊಂಡಿರುತ್ತಿದ್ದಳು. ಗಂಡ ತೀರಿಹೋಗಿದ್ದ, ಮನೆಯಲ್ಲಿ ಎರಡು ಹೆಣ್ಣುಮಕ್ಕಳು.

"ಮಾತಾಡೋರೆಲ್ಲ ಮುಂದಾಳು ಆಗಿದ್ರ ನೀನ ನಮ್ಮ ಮುಖ್ಯಸ್ಥೆ ಆಗಬೇಕಿತ್ತು" ಎಂದು ಸರ್ ನಕ್ಕರು. ಅವರ ಖುಷಿ ನನಗೂ ಹತ್ತಿತು.

ಅಂಥ ಖುಷಿಯಲ್ಲಿ ಅವರು ತಮ್ಮ ನಿಯಮವನ್ನು ತಾವೇ ಮರೆತರು. ಮರುದಿನ ಚಹಾಕ್ಕೆ ಕರೆದ ಪಾಟೀಲರು, "ನಮ್ಮ ಹೆಣ್ಣಾಳುಗಳ ಮನಸ್ಸಿನ್ಯಾಗ ಏನು ಕಂಡ್ರಿ ಸರ್?" ಎಂದು ಕೇಳಿದಾಗ ಹೆಸರು ಹೇಳಿಬಿಟ್ಟರು. ಅವಳನ್ನು ಗೆರೆಯ ತುದಿಗೆ, ಮುಂದಾಳಾಗಿ ಇಟ್ಟರೆ ಎಲ್ಲರೂ ಅವಳ ಮಾತು ಕೇಳುತ್ತಾರೆ, ಕೆಲಸ ಹಗುರಾಗುತ್ತದೆ ಎಂದರು. ಎಲ್ಲರಿಗಿಂತ ಕೆಳಗೆ ಕೂರಿಸಿದ ಓಣಿಯ ಹೆಣ್ಣೊಬ್ಬಳು ಮುಂದೆ ನಿಲ್ಲುತ್ತಾಳೆ, ಅದೂ ತಮ್ಮ ಸಂಶೋಧನೆಯಿಂದ ಎಂಬ ಆಸೆ ಅವರಿಗೆ. ಆ ಆಸೆಯಲ್ಲಿ ಕಪಟವಿರಲಿಲ್ಲ.

ಮರುದಿನ ಬೆಳಿಗ್ಗೆ ಮಾಣಿಕಪ್ಪ ಅವಳನ್ನು ಹೆಸರು ಹಿಡಿದು ಕರೆದ. ಸಖೂಬಾಯಿಯ ಮುಖ ಬಿಳಿಚಿಕೊಂಡಿತು. "ಬ್ಯಾಡ್ರಿ, ನಾ ನಡುವ ಇರ್ತೀನ್ರಿ" ಎಂದಳು. "ಪಾಟೀಲರ ಹುಕುಂ ಅದ. ಎದ್ದು ಬಾ" ಎಂದು ಅವನು ಅವಳನ್ನು ಗೆರೆಯ ಕೊನೆಯ ಸಾಲಿಗೆ ಕೂರಿಸಿದ. ಅಲ್ಲಿ ಒಂದು ಮಗ್ಗುಲಿಗೆ ಬದು. ಇನ್ನೊಂದು ಮಗ್ಗುಲಿಗೆ ಅವತ್ತೇ ಪಕ್ಕದೂರಿನಿಂದ ಬಂದ ಹೊಸಬಳು.

ಗೆರೆ ಹೊರಟಿತು. ಸಖೂಬಾಯಿ ಆರಂಭದಲ್ಲಿ ಎಲ್ಲರ ಸಮಕ್ಕೆ ಇದ್ದಳು. ಆಮೇಲೆ ಖುರ್ಪಿ ನಿಂತು ನಿಂತು ಏಳತೊಡಗಿತು. ನಾನು ಬದುವಿನ ಮೇಲಿದ್ದೆ, ಅವಳ ಉಸಿರು ನನಗೆ ಕೇಳಿಸುತ್ತಿತ್ತು. ತುಟಿ ನೀಲಿಗಟ್ಟಿತ್ತು. ಉಳಿದ ಬೆನ್ನುಗಳು ಮುಂದೆ ಹೋಗುತ್ತಿದ್ದವು, ಅವಳ ಬೆನ್ನು ಹಿಂದೆ ಉಳಿಯುತ್ತಿತ್ತು. ಅವಳು ಮುಂದಾಳಲ್ಲ, ರೋಗಿ ಎಂದು ನನಗೆ ಆಗ ಹೊಳೆಯಿತು. ಮಾಣಿಕಪ್ಪ ಮರದ ಕೆಳಗೆ ಬೀಡಿ ಹಚ್ಚುತ್ತಿದ್ದ. ತಲೆ ಎತ್ತಿದರೆ ಅವಳ ನೌಕರಿ ಮುಗಿಯಿತು.

ಆಗ ಗುರಮ್ಮ ತುರುಬು ಬಿಚ್ಚಿ ಕಟ್ಟಿಕೊಳ್ಳುತ್ತ ನಿಂತುಬಿಟ್ಟಳು. ಅವಳ ಮಗ್ಗುಲಿನವಳು ಕಾಲಿನ ಮುಳ್ಳು ತೆಗೆಯಲು ಕೂತಳು. ಮುಸಲ್ಮಾನ ಹುಡುಗಿ ಖುರ್ಪಿಯನ್ನು ಕಲ್ಲಿಗೆ ಮಸೆಯತೊಡಗಿದಳು. ಯಾರೂ ಯಾರಿಗೂ ಸನ್ನೆ ಮಾಡಲಿಲ್ಲ. ನಾನು ನೋಡುತ್ತಿದ್ದಂತೆಯೇ ಬೆನ್ನುಗಳು ಒಂದೊಂದಾಗಿ ನಿಂತವು, ಅವಳು ಬಂದು ಅವುಗಳ ಸಮಕ್ಕೆ ಸೇರಿದಳು, ಗೆರೆ ಮತ್ತೆ ನೆಟ್ಟಗಾಯಿತು. ನೆಟ್ಟಗಾಗಿ, ಅವಳ ಉಸಿರು ಎಷ್ಟು ಎಳೆಯುತ್ತದೋ ಅಷ್ಟೇ ವೇಗದಲ್ಲಿ ಮುಂದೆ ಸರಿಯಿತು. ಹೊಸಬಳು ಕೂಡ ಅತ್ತಿತ್ತ ನೋಡಿ ಕೈ ನಿಧಾನ ಮಾಡಿದಳು. ದೇವರ ಗುಡಿಯಲ್ಲಿ ಬರದ ಭಕ್ತಿ ನನಗೆ ಆ ಹೆಸರುಕಾಳಿನ ಹೊಲದಲ್ಲಿ ಬಂತು.

ಮಾಣಿಕಪ್ಪ ಓಡಿ ಬಂದ. "ಏನಾಗ್ಯಾದ ನಿಮಗ ಇವತ್ತ? ಎಲ್ಲಾರೂ ಕೂಡೇ ಸುಸ್ತಾದ್ರೇನು?"

ಗುರಮ್ಮ ತಲೆ ಎತ್ತಲಿಲ್ಲ. "ಮುಂದಾಳು ಮಾಡಿದವರು ನೀವ. ಮುಂದಾಳು ಹ್ಯಾಂಗ ನಡಿತಾಳ ಹಾಂಗ ನಾವು ನಡಿತೀವಿ" ಎಂದಳು. ಒಬ್ಬಳನ್ನು ಬಿಡಿಸಬಹುದು, ಹಂಗಾಮಿನ ನಡುವೆ ಇಡೀ ಗೆರೆಯನ್ನೇ ಬಿಡಿಸಲಾಗುವುದಿಲ್ಲ. ಅವನು ಬೈಯುತ್ತ ಮರದ ಕಡೆ ಹೋದ. ಆದರೆ ಸಂಜೆ ಪಾಟೀಲರಿಗೆ ದೂರು ಹೋಗುವುದು ಖಂಡಿತವಿತ್ತು. ಎರಡನೇ ದಿನವೂ ಅವಳು ತುದಿಯಲ್ಲೇ ಕೂತರೆ ರೋಗದ ಗುಟ್ಟು ಉಳಿಯುತ್ತಿರಲಿಲ್ಲ.

ರೊಟ್ಟಿಯ ಹೊತ್ತಿಗೆ ನಾನು ಗುರಮ್ಮನ ಹತ್ತಿರ ಹೋಗಿ ಕೂತೆ. ಅವಳು ನನ್ನನ್ನು ಸಿಟ್ಟಿನಿಂದಲೇ ನೋಡಿದಳು.

"ಆಕಿ ಎದಿ ಚೊಲೋ ಇಲ್ರಿ ಬಾಯಾರ. ಸಣ್ಣಾಕಿದ್ದಾಗಿಂದ ಹಾಂಗೇ. ನಡುವ ಕುಂತ್ರ ಈ ಮಗ್ಗಲಾಕಿ ಒಂದು ಕೈ, ಆ ಮಗ್ಗಲಾಕಿ ಒಂದು ಕೈ ಆಕಿ ಸಾಲಿಗಿ ಹಾಕ್ತೀವಿ. ಆಕಿ ಬರೂದ್ರಾಗ ಕಸ ಅರ್ಧ ಹೋಗಿರ್ತದ. ನೀವು ಬಂದು ಮಗ್ಗಲಾಗ ಯಾರು ಬೇಕು ಅಂದ್ರಿ. ಇವರು ಸಾಲು ಬದಲಿ ಮಾಡ್ತಾರ ಅಂತ ತಿಳದೆ. ಗೊತ್ತಿಲ್ಲದಾಕಿ ಮಗ್ಗಲಾಗ ಸಖೂನ್ನ ಹಾಕಿದ್ರ ಆಕಿ ಗತಿ ಏನು? ಅದಕ್ಕ ನನ್ನ ಹಂತ್ಯಾಕ ಇರಲಿ ಅಂದೆ."

"ಎಲ್ಲರೂ ಹಾಂಗೇ ಅಂದಾರಲ್ಲ."

"ಹೌದೇನ್ರಿ?" ಗುರಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಅವಳಿಗೂ ಅದು ಗೊತ್ತಿರಲಿಲ್ಲ. ದೂರದ ಗುಂಪುಗಳ ಕಡೆ ಒಮ್ಮೆ ಕಣ್ಣಾಡಿಸಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಇಷ್ಟು ಮಾಡ್ತೀರಿ, ಆಕಿ ಕೊಡದ ನೀರು ಕುಡಿತೀರೇನು?" ಎಂದೆ.

ಅವಳು ಕೈಯಲ್ಲಿದ್ದ ರೊಟ್ಟಿಯನ್ನು ಬುತ್ತಿಗೆ ಮರಳಿ ಇಟ್ಟಳು. "ಇಲ್ರಿ" ಎಂದಳು ಕಡೆಗೆ. "ಯಾಕ ಅಂತ ಕೇಳಬ್ಯಾಡ್ರಿ, ನನಗ ಹೇಳಾಕ ಬರೂದಿಲ್ಲ. ಅದೂ ಖರೆ ಅದ, ಇದೂ ಖರೆ ಅದ."

ಹುಡುಗಿಯರೇ, ಜನ ನಿಜ ಹೇಳುತ್ತಾರೆಯೇ ಎಂದು ಕೇಳಿದಿರಲ್ಲ. ಹೇಳುತ್ತಾರೆ. ಆ ನಿಜ ನಿಮ್ಮ ಪ್ರಶ್ನೆಗಿಂತ ದೊಡ್ಡದಾಗಿರುತ್ತದೆ, ಅದನ್ನು ಕೈಯಲ್ಲಿ ಹಿಡಿಯುವುದೇ ಕಷ್ಟ.

ಸರ್‌ಗೆ ಅವತ್ತು ಸಂಜೆ ರಾಜೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಎಲ್ಲ ಹೇಳಿದೆ. ಅವರು ಕಲ್ಲಿನ ಕಟ್ಟೆಯ ಮೇಲೆ ಕೂತರು. ಬಸ್ ಬಂತು, ಹೋಯಿತು. ಅವಳಿಗೆ ರೋಗವಿದೆ ಎಂದು ಪಾಟೀಲರಿಗೆ ಹೇಳುವ ಹಾಗಿಲ್ಲ, ಕೆಲಸ ಹೋಗುತ್ತದೆ. ಹೇಳದೆ ಬಿಡುವ ಹಾಗೂ ಇಲ್ಲ, ನಾಳೆ ಅವಳು ಮತ್ತೆ ತುದಿಯಲ್ಲೇ ಕೂರಬೇಕು. ಸರ್ ಧೋತರದ ಧೂಳು ಕೊಡವಿ ಎದ್ದು, "ಬಾ ಸರೋಜಾ, ಪಾಟೀಲರ ವಾಡೇಕ್ಕ ಹೋಗೂಣು" ಎಂದರು.

ಪಾಟೀಲರ ಮುಂದೆ ಅವರು ಕೈ ಮುಗಿದು ನಿಂತರು. "ನಮ್ಮ ಲೆಕ್ಕ ತಪ್ಪಿತ್ರಿ. ಬಾಣ ಉಲ್ಟಾ ಎಳದೀವಿ. ಆಕಿಗೆ ಮುಂದಾಳತನ ಬರೂದಿಲ್ಲ. ಮೊದಲಿನ ಹಾಂಗ ನಡುವ ಕುಂದ್ರಲಿ, ಕೆಲಸ ಸರಿ ನಡಿತದ."

ಪಾಟೀಲರು ಹೊಟ್ಟೆ ಹಿಡಿದು ನಕ್ಕರು. "ಅಲ್ರೀ ಸರ್, ಇಷ್ಟು ಓದಿ ಬಾಣ ಎಳಿಯಾಕ ಬರಂಗಿಲ್ಲೇನು?" ಬಾಗಿಲಲ್ಲಿ ನಿಂತಿದ್ದ ಮಾಣಿಕಪ್ಪನೂ ನಕ್ಕ. ನಾನು ಬಾಯಿ ತೆರೆದೆ. ಸರ್ ನನ್ನ ಕಡೆ ನೋಡಿದ ನೋಟಕ್ಕೆ ಮುಚ್ಚಿದೆ. ಒಂದು ಶಬ್ದ ಹಿಂದುಮುಂದಾದರೆ ಸಹಿಸದ ಮನುಷ್ಯ ಅಲ್ಲಿ ತಲೆ ತಗ್ಗಿಸಿ, ನಗೆಯೆಲ್ಲ ಮುಗಿಯುವ ತನಕ ನಿಂತಿದ್ದರು. ಇಡೀ ಯೋಜನೆಯಲ್ಲಿ ಅಂಥ ಬಾಣಗಳ ನಕ್ಷೆ ಇನ್ನೊಂದು ಸಿಗಲಿಲ್ಲ. ಅದನ್ನು ಅವರು ಯಾವ ಪತ್ರಿಕೆಗೂ ಕಳಿಸಲಿಲ್ಲ. ಪಾಟೀಲರು ಓದುವ ಮನುಷ್ಯ, ಕಂಡರೆ ಅರ್ಥವಾಗಿಬಿಡುತ್ತದೆ ಎಂದರು. ನನ್ನ ಸಿಟ್ಟು ಉಳಿದರ್ಧವೂ ಅವತ್ತೇ ಇಳಿದುಹೋಯಿತು. ಆಮೇಲೆ ಅವರು ಹುಮನಾಬಾದಿನ ಡಾಕ್ಟರರೊಬ್ಬರನ್ನು ಗೊತ್ತುಮಾಡಿ, ನನ್ನ ಕೈಯಲ್ಲಿ ಸಖೂಬಾಯಿಗೆ ಗುಳಿಗೆ ಕಳಿಸುತ್ತಿದ್ದರು.

ಮರುದಿನ ನಾವು ಹೊಲಕ್ಕೆ ಹೋದಾಗ ಸಖೂಬಾಯಿ ನಡುವೆ ಇದ್ದಳು. ಈಗ ನನಗೆ ಕಾಣಿಸುತ್ತಿತ್ತು, ಎಡದಿಂದ ಒಂದು ಕೈ, ಬಲದಿಂದ ಒಂದು ಕೈ ಅವಳ ಸಾಲಿಗೆ ಬಂದು ಹೋಗುತ್ತಿತ್ತು. ಗೆರೆ ನೆಟ್ಟಗೆ, ಜೋರಾಗಿ ಓಡುತ್ತಿತ್ತು. ವಾಡೆಯಲ್ಲಿ ಆದದ್ದನ್ನು ಮಾಣಿಕಪ್ಪ ಆಗಲೇ ಬಣ್ಣ ಹಚ್ಚಿ ಹೇಳಿ ಮುಗಿಸಿದ್ದ. ಅವನು ಚಹಾಕ್ಕೆ ಅತ್ತ ಹೋದೊಡನೆ ಗುರಮ್ಮ ಸರ್ ಅವರನ್ನು ಹತ್ತಿರ ಕರೆದಳು.

"ಸಾಹೇಬ್ರ, ಮಾಲಕರ ಮುಂದ ಲೆಕ್ಕ ತಪ್ಪ್ಯಾದ ಅಂತ ಒಪ್ಪಿಕೊಂಡೀರಂತ. ನಿಮ್ಮ ನೌಕರಿಗಿ ಏನೂ ಧೋಕಾ ಇಲ್ಲಲ್ರಿ?"

"ಇಲ್ಲವ್ವ" ಎಂದರು ಸರ್.

"ಇದ್ರೂ ಫಿಕರ್ ಮಾಡಬ್ಯಾಡ್ರಿ. ಒಂದು ಖುರ್ಪಿ ತಗೊಂಡು ಇಲ್ಲಿ ಬರ್ರಿ. ನಡುವ ಕುಂದ್ರಿಸಿಕೋತೀವಿ."

ಹೆಂಗಸರೆಲ್ಲ ನಕ್ಕರು. ಸಖೂಬಾಯಿ ಬಾಯಿಯಿಂದ ಸೆರಗು ತೆಗೆದು ನಕ್ಕಳು. ಗುರಮ್ಮ ಮಾತ್ರ ನಗಲಿಲ್ಲ. ಜಾಗ ಎಲ್ಲಿ ಮಾಡಲಿ ಎನ್ನುವ ಹಾಗೆ ತನ್ನ ಎಡಬಲದ ಸಾಲುಗಳನ್ನು ನೋಡುತ್ತಿದ್ದಳು.